ಘಾನಾದಲ್ಲಿ ನನ್ನ ತಂಗಿಗಾಗಿ ಕುಳಿತ ಅಮ್ಮಂದಿರು

ನನ್ನ ತಂಗಿಗೆ ಪ್ರಜ್ಞೆ ಇಲ್ಲ ಎಂದು ಫೋನ್ ಬಂದಾಗ ನಾನು ಬಾಳೂರಿನ ಎಸ್ಟೇಟ್ ಕಣದಲ್ಲಿ ಕಾಫಿ ಹರವುತ್ತಿದ್ದೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಆಗಷ್ಟೇ ಶುರುವಾಗಿತ್ತು.

ತಂಗಿ ಸಿಸ್ಟರ್ ಜೆಸಿಂತಾ. ಅಮ್ಮ ತೀರಿಕೊಂಡಾಗ ಅವಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಸಾಕಿದವಳು ನಾನೇ. ಕನ್ಯಾಮಠ ಸೇರಿ, ನರ್ಸಿಂಗ್ ಕಲಿತು, ಆಫ್ರಿಕಾದ ಘಾನಾ ದೇಶಕ್ಕೆ ಹೋದಳು. ಅಲ್ಲಿ ಭಾನುವಾರದ ಪೂಜೆ ಮಧ್ಯಾಹ್ನದವರೆಗೂ ನಡೆಯುತ್ತದಂತೆ. ಹೆಂಗಸರು ಕಾಣಿಕೆಯ ಗೆಣಸು, ಕೋಳಿ ಹೊತ್ತು ಡೋಲಿನ ಬಡಿತಕ್ಕೆ ಕುಣಿಯುತ್ತಾ ಬಲಿಪೀಠದ ಹತ್ತಿರ ಬರುತ್ತಾರಂತೆ. "ಅಕ್ಕಾ, ನಮ್ಮಲ್ಲಿ ಕುಣಿದ್ರೆ ಫಾದರ್ ಬೈತಾರೆ ಅಲ್ವಾ?" ಎಂದು ನಗುತ್ತಿದ್ದಳು.

ಈಗ ಫೋನಿನಲ್ಲಿ ಅವಳ ಜೊತೆಯ, ನಮ್ಮ ಕಡೆಯವರೇ ಆದ ಸಿಸ್ಟರ್ ರೀಟಾ ಅಳುತ್ತಾ ಹೇಳಿದರು: "ಮಲೇರಿಯಾ ತಲೆಗೆ ಏರಿದೆ ಅಕ್ಕಾ. ದೊಡ್ಡಾಸ್ಪತ್ರೆಗೆ ತಂದಿದ್ದೀವಿ. ಮೂತ್ರ ನಿಂತಿದೆ. ಡಾಕ್ಟರು ಎಂಥದೂ ಹೇಳ್ತಿಲ್ಲ."

ನನಗೆ ಪಾಸ್‌ಪೋರ್ಟ್ ಇಲ್ಲ. ಮಂಗಳೂರಿನಾಚೆಗೆ ನಾನು ಎಲ್ಲಿಗೂ ಹೋದವಳಲ್ಲ. ಮರುದಿನ ಬೆಳಿಗ್ಗೆ ನಮ್ಮೂರಿನ ಇಬ್ರಾಹಿಂ ಅವರ ಬಾಡಿಗೆ ಜೀಪಿನಲ್ಲಿ ಮೂಡಿಗೆರೆಯ ಚರ್ಚಿಗೆ ಹೊರಟೆ. ದಾರಿಯಲ್ಲಿ ಅವರಿಗೆ ವಿಷಯ ಹೇಳಿದೆ. ಇಳಿಯುವಾಗ, "ಲೂಸಿಯಕ್ಕಾ, ನಮಾಜಲ್ಲಿ ನಾನೂ ಕೇಳ್ಕೊಳ್ತೀನಿ" ಎಂದರು.

ಚರ್ಚಿನಲ್ಲಿ ಮೊಣಕಾಲೂರಿದೆ. ಜಪಸರ ಕೈಯಲ್ಲಿತ್ತು, ಬಾಯಿಗೆ ಒಂದು ಮಾತೂ ಬರಲಿಲ್ಲ. ಅಮ್ಮನಿಗಾಗಿ ಬೇಡಿದ್ದೆ, ಗಂಡನಿಗಾಗಿ ಬೇಡಿದ್ದೆ. ಇಬ್ಬರನ್ನೂ ಹೂಳಿ ಬಂದಿದ್ದೆ. ಇನ್ನೊಮ್ಮೆ ಕೈಯೊಡ್ಡಲು ನನ್ನಲ್ಲಿ ತ್ರಾಣವಿರಲಿಲ್ಲ. ದೇವರ ಮೇಲೆ ಕೋಪವೂ ಇರಲಿಲ್ಲ, ಬರೀ ಸುಸ್ತು. ಹಾಗೇ ಬಸ್ಸು ಹತ್ತಿ ವಾಪಸ್ಸು ಬಂದೆ.

ಮನೆ ಮೆಟ್ಟಿಲ ಮೇಲೆ ಕುಳಿತಿದ್ದಾಗ ಸಿಸ್ಟರ್ ರೀಟಾ ವಿಡಿಯೋ ಕರೆ ಮಾಡಿದರು. ಕೆಟ್ಟ ಸುದ್ದಿಯೇ ಎಂದುಕೊಂಡೆ. ನೋಡಿದರೆ ಆಸ್ಪತ್ರೆಯ ಅಂಗಳದ ಮರದಡಿ ಹೆಂಗಸರು ತುಂಬಿ ಕುಳಿತಿದ್ದರು. ಎಲ್ಲರೂ ಉಟ್ಟ ಬಟ್ಟೆಯ ಮೇಲೆ ಮಾತೆ ಮರಿಯಳ ಚಿತ್ರ. ಮೆಲ್ಲಗೆ ಚಪ್ಪಾಳೆ ತಟ್ಟುತ್ತಾ ಹಾಡುತ್ತಿದ್ದರು. ತಂಗಿ ಹೆರಿಗೆ ಮಾಡಿಸಿದ ಅಮ್ಮಂದಿರು ಅವರು. ಹಳ್ಳಿಯಿಂದ ಲಾರಿ ಹತ್ತಿ ಬಂದಿದ್ದರು. ತಲೆಗೆ ಬಟ್ಟೆ ಸುತ್ತಿದ ವಯಸ್ಸಾದ ಒಬ್ಬರು ಫೋನ್ ತೆಗೆದುಕೊಂಡು ನನ್ನ ಮುಖವನ್ನೇ ನೋಡಿದರು. ಅವರ ಹೆಸರು ಮಾಮಾ ಗ್ರೇಸ್; ಅಲ್ಲಿ ಅಮ್ಮನಿಗೆ ಮಾಮಾ ಎನ್ನುತ್ತಾರೆ. ಅವರು ಹೇಳಿದ್ದನ್ನು ರೀಟಾ ಕನ್ನಡದಲ್ಲಿ ಹೇಳಿದರು: "ನಿಂಗೆ ಸುಸ್ತಾಗಿದೆ ಮಗಳೇ. ಉಂಡು ಮಲ್ಕೋ. ನಿನ್ನ ಪಾಲಿನ ಪ್ರಾರ್ಥನೆನೂ ನಾವೇ ಮಾಡ್ತೀವಿ."

ಅಮ್ಮ ಹೋದ ಮೇಲೆ ನನಗೆ ಮಲಗು ಎಂದವರು ಯಾರೂ ಇರಲಿಲ್ಲ. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಆಮೇಲೆ ಗಂಜಿ ಕುಡಿದು ಮಲಗಿದೆ. ನಿದ್ದೆಯೂ ಬಂತು.

ಮರುದಿನ ಎದ್ದಾಗ ಬಿಸಿಲು ಕಣಕ್ಕೆ ಬಂದಿತ್ತು. ರೀಟಾ ಮತ್ತೆ ಫೋನ್ ಮಾಡಿದರು. ಜೆಸಿಂತಾಳಿಗೆ ಮೂತ್ರ ಹೋಗಿತ್ತು. ಅದನ್ನು ಹೇಳುವಾಗ ಅವರು ನಗುತ್ತಲೂ ಇದ್ದರು, ಅಳುತ್ತಲೂ ಇದ್ದರು. ಕ್ರಿಸ್ಮಸ್ ಹೊತ್ತಿಗೆ ತಂಗಿಯ ದನಿಯೇ ಕೇಳಿದೆ, ತೊದಲು ತೊದಲಾಗಿ: "ಅಕ್ಕಾ, ಊಟ ಆಯ್ತಾ?"

ಅವಳಿಗೆ ಎಡಗಿವಿ ಈಗ ಕೇಳಿಸುವುದಿಲ್ಲ. ವಾಪಸ್ಸು ಬಾ ಎಂದು ಬೇಡಿಕೊಂಡೆ. ಬರುವುದಿಲ್ಲ ಎಂದಳು. ಅಲ್ಲಿ ಮಳೆಗಾಲ ಶುರುವಾದರೆ ನನಗೆ ಇಲ್ಲಿ ಹೆದರಿಕೆ.

ಬೇಡಲು ಶಕ್ತಿಯಿಲ್ಲದೆ ಎದ್ದು ಬಂದವಳನ್ನೂ ದೇವರು ಕೈಬಿಡಲಿಲ್ಲ. ಯಾರಿಗಾದರೂ ಪ್ರಾರ್ಥನೆ ಬಾಯಿಗೆ ಬಾರದಿದ್ದರೆ ಹೆದರಬೇಡಿ, ಚರ್ಚಿನಲ್ಲಿ ಸುಮ್ಮನೆ ಕುಳಿತುಕೊಳ್ಳಿ. ನಾನೂ ಭಾನುವಾರ ಹಾಗೇ ಕುಳಿತಿರುತ್ತೇನೆ, ಎಡಗಡೆಯ ಕೊನೆಯ ಬೆಂಚಿನಲ್ಲಿ. ಪಕ್ಕದಲ್ಲಿ ಜಾಗ ಇರುತ್ತದೆ, ಬನ್ನಿ.