ಬೆವರುವ ಗೋಡೆಗೆ ಸುಣ್ಣ

ಬೆಳಿಗ್ಗೆಯಿಂದ ನಮ್ಮ ನಡುಮನೆಯಲ್ಲಿ ಒದ್ದೆ ಗೋಡೆ ಕೆರೆದ ವಾಸನೆ. ಭಾನುವಾರ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಬಣ್ಣದವನೋ, "ಗೋಡೆ ಒಣಗಬೇಕು ಅಜ್ಜಿ, ಮುಂದಿನ ಬುಧವಾರದ ತನಕ ಬಣ್ಣ ಮುಟ್ಟಲ್ಲ" ಎಂದು ಹಟ ಹಿಡಿದಿದ್ದಾನೆ. "ಒಂದು ಕೈ ಎಳೆದುಬಿಡಪ್ಪ, ಯಾರು ಕೆರೆದು ನೋಡ್ತಾರೆ?" ಎಂದು ಗದರಿದೆ. ಗದರಿದ ಮೇಲೆ ನನಗೇ ನಗು ಬಂತು ನೋಡಿ. ಇದೇ ಮಾತನ್ನು ಯುದ್ಧದ ಕಾಲದಲ್ಲಿ, ಮದ್ದೂರಿನ ಬಾಡಿಗೆ ಮನೆಯಲ್ಲಿ ನಿಂತು ಒಮ್ಮೆ ಆಡಿದ್ದೆ.

ಆಗ ನನಗೆ ಹದಿನೆಂಟು. ಗಂಡ ಪ್ರೈಮರಿ ಶಾಲೆಯ ಮೇಷ್ಟ್ರು. ಲೋಕಜ್ಞಾನ ಬಹಳ, ಮನೆ ಹುಡುಕುವ ಜ್ಞಾನ ಮಾತ್ರ ಸೊನ್ನೆ. ಅವರು ಹಿಡಿದ ಮನೆ ಹಿಂದೆ ಬೆಲ್ಲ ತುಂಬುವ ಉಗ್ರಾಣವಾಗಿತ್ತು. ವರ್ಷಗಟ್ಟಲೆ ಬೆಲ್ಲ ಒಟ್ಟಿ ಒಟ್ಟಿ, ಸೊಂಟದೆತ್ತರದ ತನಕ ಗೋಡೆಯೆಲ್ಲ ಬೆಲ್ಲ ಕುಡಿದಿತ್ತು. ಮೋಡ ಮುಸುಕಿದರೆ ಸಾಕು, ಗೋಡೆ ಬೆವರುತ್ತಿತ್ತು. ಇರುವೆಗಳಂತೂ ನಮಗಿಂತ ಹಳೆಯ ಬಾಡಿಗೆದಾರರು.

ಇರುವೆಗಿಂತ ನನಗೆ ಅಣ್ಣಯ್ಯನ ಭಯ. ಮಳವಳ್ಳಿ ಕಡೆಯ ನಮ್ಮ ತವರಿನಲ್ಲಿ ಗದ್ದೆ, ಬೆಲ್ಲ ಕಾಯಿಸುವ ಆಲೆಮನೆ ಎಲ್ಲ ಇತ್ತು. ಅಂಗೈಯಗಲ ಹೊಲವಿಲ್ಲದ ಮೇಷ್ಟ್ರಿಗೆ ತಂಗಿಯನ್ನು ಕೊಟ್ಟದ್ದು ಅವನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ನನ್ನನ್ನು ಕಳಿಸುವಾಗ ಎಲ್ಲರೆದುರಿಗೇ ಅಂದಿದ್ದ: "ಒಂದಿನ ಬಂದು ಮನೆ ನೋಡ್ತೀನಿ ಕಣವ್ವ. ಸರಿ ಕಾಣ್ನಿಲ್ಲ ಅಂದ್ರೆ ಕೈ ಇಡ್ಕೊಂಡು ಕರ್ಕೊಂಡ್ ಬಂದ್ಬುಡ್ತೀನಿ." ಆಡಿದಂತೆ ಮಾಡುವ ಆಸಾಮಿ. ನನಗೋ ಮೇಷ್ಟ್ರ ಮೇಲೆ ಆಗಲೇ ಪ್ರಾಣ. ಈ ವಯಸ್ಸಿನಲ್ಲಿ ಹೇಳಲು ನಾಚಿಕೆಯೇನು? ಅವರನ್ನು ಬಿಟ್ಟು ಹೋಗುವುದು ಕನಸಿನಲ್ಲೂ ಬೇಡವಾಗಿತ್ತು.

ಇನ್ನು ಹದಿನೈದು ದಿನಕ್ಕೆ ಬರುತ್ತೇನೆಂದು ಅಣ್ಣಯ್ಯನ ಕಾಗದ ಬಂತು. ಸುಣ್ಣ ಬಳಿಯೋಣ ಎಂದೆ. ಮೊದಲು ಕೆರೆಯಬೇಡವೇ ಎಂದರು ಮೇಷ್ಟ್ರು. ಆಲೆಮನೆಯಲ್ಲಿ ಬೆಳೆದ ಜಂಬ ನನಗೆ. "ಗಟ್ಟಿಯಾಗ್ಲಿ ಅಂತ ಗಾರೆಗೇ ಬೆಲ್ಲ ಕಲಸ್ತಾರೆ. ಈ ಗೋಡೇಲಿ ಬೆಲ್ಲ ಆಗ್ಲೇ ಐತೆ, ಸುಣ್ಣ ಕಚ್ಕೊಂಡು ಕೂತ್ಕತದೆ" ಎಂದು ಮೇಷ್ಟ್ರಿಗೇ ಪಾಠ ಹೇಳಿದೆ. ಸೀರೆ ಎತ್ತಿ ಕಟ್ಟಿ, ಕತ್ತಾಳೆ ನಾರಿನ ಕುಂಚ ಹಿಡಿದು ನಾನೇ ಬಳಿದೆ. ಎರಡು ದಿನ ಗೋಡೆ ಬೆಳ್ಳಗೆ ನಿಂತಿತು. ಮೂರನೆಯ ದಿನ ಮೋಡ ಕವಿಯಿತು. ಬಿಳುಪಿನೊಳಗಿಂದ ಕಂದು ನೀರು ಸಾಲುಸಾಲಾಗಿ ಇಳಿಯಿತು, ಸುಣ್ಣ ಹಪ್ಪಳದ ಹಾಗೆ ಎದ್ದಿತು, ಇರುವೆಗಳು ದಿಬ್ಬಣ ಹೊರಟವು. ನಗದೆ ಇರಲು ಮೇಷ್ಟ್ರು ಪಾಪ, ಬಹಳ ಕಷ್ಟಪಟ್ಟರು.

ಬೀದಿಯ ಕೊನೆಯಲ್ಲಿ ಸುಣ್ಣ, ಗಾರೆ ಕೆಲಸದ ಇಮಾಂ ಸಾಬರಿದ್ದರು. ಮೇಷ್ಟ್ರು ಅವರನ್ನು ಕರೆತಂದರು. ಸಾಬರು ಗೋಡೆಗೆ ಬೆರಳೊತ್ತಿ ನಾಲಿಗೆಗೆ ಇಟ್ಟುಕೊಂಡರು. "ಇದು ಗೋಡೆ ಅಲ್ಲ ಕಣಮ್ಮ, ಅಚ್ಚುಬೆಲ್ಲ! ಯಾರು ಇದ್ರ ಮ್ಯಾಲೆ ಸುಣ್ಣ ಬಳ್ದೋರು?" ನಾನು ಮೆಲ್ಲಗೆ ಅಡುಗೆಮನೆ ಸೇರಿಕೊಂಡೆ.

ಸಾಬರು ಇಟ್ಟಿಗೆ ಕಾಣುವ ತನಕ ಹಳೆಯ ಗಾರೆ ಕೆರೆದರು. ಬಿಸಿನೀರು ಹೊಯ್ದು ತೆಂಗಿನ ನಾರಿನಿಂದ ಉಜ್ಜುವುದು, ಒಣಗಿಸುವುದು, ಮತ್ತೆ ಉಜ್ಜುವುದು. ನಾಲಿಗೆಗೆ ಸಿಹಿ ಹತ್ತದಂತಾದ ಮೇಲೆಯೇ ಹೊಸ ಗಾರೆ; ಅದು ಒಣಗಿದ ಮೇಲೆ ತೆಳ್ಳನೆಯ ಸುಣ್ಣ ಒಂದು ಕೈ; ಆಮೇಲೆ ಬಣ್ಣದ ಮಾತು. ಉಜ್ಜುವುದೇ ಇನ್ನೂ ಮುಗಿದಿರಲಿಲ್ಲ, ಅಣ್ಣಯ್ಯ ಹೇಳಿದ ದಿನಕ್ಕಿಂತ ಮುಂಚೆಯೇ ಬಂದುಬಿಟ್ಟ! ಬಸ್ಸಿಳಿದು, ಮೇಷ್ಟ್ರ ಮನೆ ಎಲ್ಲೆಂದು ವಿಚಾರಿಸುತ್ತ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾನೆಂದು ಪಕ್ಕದ ಮನೆಯವರು ಬಂದು ಹೇಳಿದರು.

"ದಮ್ಮಯ್ಯ ಸಾಬರೇ, ಒಂದು ಕೈ ಸುಣ್ಣ ಎಳ್ದುಬುಡಿ. ಯಾರು ಕೆರ್ದು ನೋಡ್ತಾರೆ?" ಎಂದು ಅಂಗಲಾಚಿದೆ.

"ನಂಗೇನವ್ವ? ನಿಮ್ಮಣ್ಣ ನಾಳೀಕೆ ಓಯ್ತಾರೆ. ದಿನಾ ಇದ್ರ ಮುಂದೆ ಉಣ್ಣೋರು ನೀವು. ನೀವೇ ಬಳ್ದುಬುಡಿ" ಎಂದು ಸಾಬರು ಕುಂಚವನ್ನು ನನ್ನ ಕೈಗೇ ಕೊಟ್ಟರು. ಹಿಡಿದುಕೊಂಡು ನಿಂತೆ. ಕಣ್ಣಿಗೆ ನೀರು ತುಂಬಿತು. ಕುಂಚ ಕೆಳಗಿಟ್ಟೆ.

ಅಣ್ಣಯ್ಯ ಹೊಸಿಲಲ್ಲೇ ನಿಂತುಬಿಟ್ಟ. "ಇದೇನವ್ವ, ಗೋಡೆ ಚರ್ಮ ಸುಲ್ದವ್ರೆ?"

ಬೆಲ್ಲ, ನನ್ನ ಜಂಬ, ಇರುವೆ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. "ನಮ್ಮನೆ ಇಂಗೈತೆ ಅಣ್ಣಯ್ಯ. ಆದ್ರೂ ನಾನು ಬರಾಕಿಲ್ಲ" ಎಂದು ಅತ್ತೇಬಿಟ್ಟೆ.

ಅವನು ಗೋಡೆಗೆ ಬೆರಳೊತ್ತಿ ನೆಕ್ಕಿದ. ಮುಖ ಹುಳ್ಳಗೆ ಮಾಡಿದ. "ಥೂ, ಯಾವನ್ಲಾ ಈ ಬೆಲ್ಲ ಕಾಯ್ಸಿದೋನು? ಪಾಕನೇ ಬಂದಿಲ್ಲ!" ಸಾಬರು ಬಿದ್ದು ಬಿದ್ದು ನಕ್ಕರು. ಅಣ್ಣಯ್ಯ ಅಂಗಿ ಕಳಚಿ ಮೊಳೆಗೆ ಹಾಕಿದ, ಪಂಚೆ ಎತ್ತಿ ಕಟ್ಟಿದ, ಸಂಜೆಯ ತನಕ ಸಾಬರ ಜೊತೆ ಗೋಡೆ ಉಜ್ಜಿದ.

ಮರುದಿನ ಹೊರಡುವಾಗ ಅಂದ: "ಸುಣ್ಣ ಬಳ್ದು ಮುಚ್ಚಾಕಿದ್ರೆ ಕರ್ಕೊಂಡೋಯ್ತಿದ್ದೆ ಕಣವ್ವ. ಇನ್ನೇನೇನು ಮುಚ್ಚಿಟ್ಟವ್ಳೋ ಅನ್ಸೋದು. ಇರು, ಸುಖವಾಗಿರು."

ಇದೆಲ್ಲ ನೆನಪಾಗಿ ಈಗ ಎದ್ದು ಹೋಗಿ ಬಣ್ಣದವನಿಗೆ, "ನಿಧಾನವಾಗಿ ಒಣಗಲಿ ಕಣಪ್ಪ" ಎಂದೆ. ಮಗ ಗಾಬರಿಯಾದ. "ಅಮ್ಮಾ, ಭಾನುವಾರ ಅವರು ಬರ್ತಾರಲ್ಲ?"

"ಬರಲಿ. ಆ ಗೋಡೆಯ ಮುಂದೆಯೇ ಕುರ್ಚಿ ಹಾಕು."