ಅವ್ವನ ಮೂರಕ್ಷರದ ಸಹಿ

ಮುಂಬಯಿಯಲ್ಲಿ ಕನ್ನಡದಲ್ಲಿ ಸಹಿ ಮಾಡಿದರೆ ಯಾವ ಕಳ್ಳನಿಗೂ ನಕಲು ಮಾಡಲು ಬರೋದಿಲ್ಲ ಅಂತ ನಮ್ಮಪ್ಪ ಖಾತ್ರಿಯಿಂದ ಹೇಳುತ್ತಿದ್ದ. ಶಾಲೆಯ ಮುಖ ನೋಡದ ಅವ್ವನಿಗೆ ಆತನೇ ಹಳೇ ಪೇಪರಿನ ಅಂಚಿನಲ್ಲಿ ಅವಳ ಹೆಸರಿನ ಮೂರಕ್ಷರ ತಿದ್ದಿಸಿದ್ದ. ಅವ್ವನಿಗೆ ಆ ಸಹಿಯ ಮೇಲೆ ಏನು ಜಂಬ ಅಂತೀರಿ! ಬ್ಯಾಂಕಿಗೆ ಹೋಗುವ ದಿನ ಇಳಕಲ್ ಸೀರೆಯೇ ಬೇಕು.

ಅಪ್ಪನದು ಇನ್ನೊಂದು ರೂಢಿಯಿತ್ತು. ಧಾರವಾಡದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು, ರೂಮು ಬದಲಿಸುತ್ತಲೇ ಇರುವವರಿಗೆಲ್ಲ ಸಯನ್‌ನ ನಮ್ಮ ಮನೆಯ ವಿಳಾಸವೇ ವಿಳಾಸ. ಅವರು ಬೇಕಾದಾಗ ಬಂದು ತಮ್ಮ ಟಪಾಲು ಒಯ್ಯಲಿ ಅಂತ ಬಿಲ್ಡಿಂಗಿನ ಕೆಳಗಿನ ನಮ್ಮ ಟಪಾಲು ಡಬ್ಬಿಗೆ ಆತ ಕೀಲಿ ಹಾಕಲೇ ಇಲ್ಲ. ಆತ ತೀರಿಹೋದ ಮೇಲೆ ಅವ್ವನೂ ಹಾಕಗೊಡಲಿಲ್ಲ. ಬಿಲ್ಡಿಂಗಿನ ಸೊಸೈಟಿಗೆ ಖರ್ಚಿನ ಬಾಬ್ತು ಕೊಡುವ ಚೆಕ್ಕನ್ನೂ ಸಹಿ ಮಾಡಿ ಅದೇ ಡಬ್ಬಿಯಲ್ಲಿಟ್ಟು ಬರುತ್ತಿದ್ದಳು. ಖಜಾಂಚಿ ಬಂದು ತೆಗೆದುಕೊಳ್ಳುತ್ತಿದ್ದರು. "ಬರಾವ್ರೆಲ್ಲ ನಮ್ಮ ಮಂದಿ, ಕದಿಯಾವ್ರು ಯಾರು?" ಅನ್ನುತ್ತಿದ್ದಳು.

ಹೋದ ವರ್ಷ ಅವ್ವನ ಖಾತೆಯಿಂದ ಒಂದು ಚೆಕ್ಕಿನಲ್ಲಿ ದೊಡ್ಡ ಮೊತ್ತ ಹೋಯಿತು. ಬ್ಯಾಂಕಿನವರು ಸಹಿ ತಾಳೆಯಾಗಿದೆ ಅಂದರು. ಟಪಾಲಿನಲ್ಲಿ ಕಳಿಸಿದ ಹೊಸ ಚೆಕ್‌ಬುಕ್ಕಿನ ಹಾಳೆಯಂತೆ. ಅವ್ವ ಅಂಥ ಪುಸ್ತಕ ಬಂದೇ ಇಲ್ಲ ಅಂದಳು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ಯಾರಿಗೋ ಬರದು ಕೊಟ್ಟು ಮರತೀ. ವಯಸ್ಸಾತು, ನಿನ್ನ ತಲಿ ನೆಟ್ಟಗಿಲ್ಲ" ಅಂತ ಒದರಾಡಿದೆ. ಅವ್ವ ಅಂದಿನಿಂದ ಗ್ಯಾಸು ಆರಿಸಿದೆನೋ ಇಲ್ಲವೋ ಅಂತ ಎದ್ದೆದ್ದು ನೋಡತೊಡಗಿದಳು. ನನ್ನ ಹೆಸರು ಹಿಡಿದು ಕರೆದು, ಸರಿಯಾಗಿ ಕರೆದೆನೋ ಇಲ್ಲವೋ ಅನ್ನುವಂತೆ ನನ್ನ ಮುಖ ನೋಡುತ್ತಿದ್ದಳು.

ಬ್ಯಾಂಕಿನ ಫೋರ್ಟ್ ಶಾಖೆಯಲ್ಲಿ ಚೆಕ್ಕಿನ ಪ್ರತಿ ತೋರಿಸಿದರು. ಅದೇ ಮೂರಕ್ಷರ, ಕೊನೆಯ ಅಕ್ಷರದ ಬಾಲ ಕೂಡ ಹಾಗೇ. ಅವ್ವ ಕನ್ನಡಕ ಏರಿಸಿ, "ನಂದ ಐತಿ. ನಾನ ಬರದಿರಬೇಕು" ಅಂದಳು. ಆಗ ನನ್ನ ಕಣ್ಣು ತಾರೀಖಿನ ಮೇಲೆ ಬಿತ್ತು. ಬಾತ್‌ರೂಮಿನಲ್ಲಿ ಜಾರಿಬಿದ್ದು ಅವ್ವನ ಬಲಗೈ ಬೆರಳ ತನಕ ಪ್ಲಾಸ್ಟರಿನಲ್ಲಿದ್ದ ತಿಂಗಳು ಅದು. ಹೊಸ ಚೆಕ್‌ಬುಕ್ ಕಳಿಸಿದ್ದೂ ಅದೇ ತಿಂಗಳು. ಆಗ ನಾನೇ ತುತ್ತು ಮಾಡಿ ಉಣ್ಣಿಸಿದ್ದೆ. ಮರೆತವಳು ನಾನು.

ದೂರು ಕೊಟ್ಟೆವು, ತಿಂಗಳುಗಟ್ಟಲೆ ಅಲೆದ ಮೇಲೆ ರೊಕ್ಕ ತಿರುಗಿ ಬಂತು. ಕಳ್ಳ ಸಿಗಲಿಲ್ಲ. ಡಬ್ಬಿಗೆ ಕೀಲಿ ಹಾಕಿದೆ. ಆದರೆ ಕನ್ನಡದ ಅಕ್ಷರ ಅಷ್ಟು ಚಂದ ತಿದ್ದಿದವನು ನಮ್ಮ ಮನೆಯಲ್ಲೇ ರೊಟ್ಟಿ ಉಂಡವನಿರಬೇಕು. ಈಗ ಊರ ಕಡೆಯವರು ಯಾರು ಬಂದರೂ ನನ್ನ ಕಣ್ಣು ಅವರ ಬೆರಳ ಮೇಲೇ. ಥೂ, ನನಗೇ ಹೇಸಿಗೆಯಾಗುತ್ತದೆ!

ಹೊಸ ಸಹಿಯ ನಮೂನೆ ಕೊಡಲು ಇಬ್ಬರೂ ಬ್ಯಾಂಕಿಗೆ ಹೋದೆವು. ಅವ್ವ ಇಳಕಲ್ ಸೀರೆ ಉಟ್ಟಿರಲಿಲ್ಲ. ನಾನು ಪೆನ್ನು ಕೊಟ್ಟೆ. ಅದನ್ನು ಮೇಜಿನ ಮೇಲಿಟ್ಟು, ಶಾಯಿಯ ಪ್ಯಾಡಿನತ್ತ ಹೆಬ್ಬೆಟ್ಟು ಚಾಚಿದಳು.

"ಅವ್ವಾ, ನಿನಗ ಸಹಿ ಬರತೈತಲ್ಲ!"

"ಬರತಿತ್ತು, ಯವ್ವಾ" ಅಂದಳು. "ಅದನ್ನೂ ಒಯ್ದಾರ."