ಕಾಲುವೆ ಮೇಲಿನ ಪಲ್ಯ

ನಮ್ಮೂರಿಗೆ ಕಾಲುವೆ ಬಂತು, ಭತ್ತ ಬಂತು, ಆಮೇಲೆ ನನ್ನ ಹೊಟ್ಟೆ ಬಂತು. ಮೂರು ಹೊತ್ತೂ ಅನ್ನ ಉಣ್ಣುವ, ನಾಲ್ಕು ಹೆಜ್ಜೆಯ ಶಾಲೆಗೂ ಬೈಕ್ ಹತ್ತುವ ಗುರಪ್ಪ ಮಾಸ್ತರ ನಾನು. ಊರವರು ನಕ್ಕರೆ ನಾನೂ ನಗುತ್ತಿದ್ದೆ. ತಂಗಿ ದೇವಕಮ್ಮನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ನಗು ನಿಂತಿತು. ಅವಳು ನಮ್ಮ ಮನೆಯಲ್ಲೇ ಇದ್ದು ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಯಾದಗಿರಿಗೆ ಹೋಗಿಬರುತ್ತಿದ್ದಳು. ನನ್ನದೊಂದು ಕಿಡ್ನಿ ಅವಳಿಗೆ ಹೊಂದುತ್ತಿತ್ತು. ಆದರೆ ಹೈದರಾಬಾದಿನ ಡಾಕ್ಟರು ನನ್ನ ತೂಕ ನೋಡಿ, ಹದಿನೈದು ಕಿಲೊ ಇಳಿಸದೆ ಆಪರೇಷನ್ ಮಾಡುವುದಿಲ್ಲ ಎಂದರು.

ನಮ್ಮ ಹುಣಸಗಿ ಸೀಮೆಯ ಹೊಲಗಳಲ್ಲಿ ಆದಿಮಾನವರ ಕಲ್ಲಿನ ಕೊಡಲಿ ಸಿಕ್ಕಿವೆ. ವರ್ಷಾವರ್ಷ ಮಕ್ಕಳಿಗೆ ಆ ಪಾಠ ಹೇಳುವವ ನಾನೇ. ಆ ಜನ ಅನ್ನ, ಸಕ್ಕರೆ ಕಂಡವರಲ್ಲ. ಸೊಪ್ಪು, ಗೆಡ್ಡೆ, ಮೀನು, ಮಾಂಸ. ನಾನೂ ಹಾಗೇ ಉಣ್ಣುತ್ತೇನೆಂದು ಮನೆಯಲ್ಲಿ ಸಾರಿದೆ. ಹೆಂಡತಿ ಅಮೃತಮ್ಮ "ಚಾ?" ಎಂದಳು. ಅದೂ ಇಲ್ಲ ಎಂದಾಗ ನನ್ನ ಹಣೆ ಮುಟ್ಟಿ ನೋಡಿದಳು.

ಸಂತೆಯ ಪಾಲಕ್ ಎಂಟೇ ದಿನಕ್ಕೆ ಬೇಸರ ತಂದಿತು. ಸೊಪ್ಪಿಗೆ ನಮ್ಮ ಕಡೆ ಪಲ್ಯ ಎನ್ನುತ್ತಾರೆ; ಪಲ್ಯವೆಂದರೆ ನಮ್ಮೂರಲ್ಲಿ ಖಾಸಿಂಬೀ ಚಾಚಿ. ಕಳೆ ತೆಗೆಯುವ ಕೂಲಿ ಹೆಂಗಸು. ಅರವತ್ತರ ಹತ್ತಿರ, ತೊಗರಿಕಟ್ಟಿಗೆಯಂಥ ಮೈ. ಹೊಲದಲ್ಲಿ ತಾನಾಗಿ ಬೆಳೆಯುವ ಹಕ್ಕರಕಿ, ಕಿರಕಸಾಲಿ ಸೊಪ್ಪುಗಳು ಎಲ್ಲಿ ಸಿಗುತ್ತವೆಂದು ಅವಳಿಗೇ ಗೊತ್ತು. ಆದರೆ ಅತ್ತೆಯಿಂದ ಬಂದ ಕಟ್ಟಳೆಯೊಂದಿತ್ತು: ಬಿತ್ತದೆ ಬೆಳೆದದ್ದನ್ನು ಮಾರಬಾರದು, ಯಾರ ಮನೆಗೂ ಒಯ್ದು ಕೊಡಬಾರದು, ಬೇಕಾದವರು ತಾವೇ ಬಾಗಿ ಆಯ್ದುಕೊಳ್ಳಬೇಕು. ಹೆತ್ತ ಮಗಳಿಗೂ ಅವಳು ಅದನ್ನು ಸಡಿಲಿಸಿರಲಿಲ್ಲ.

ಬೈಕ್ ಮೇಲೆ ಕುಳಿತೇ ನಾನು, "ದಿನಾ ಒಂದ್ ಸೂಡು ಮನಿಗಿ ಕಳಸ್ರಿ ಚಾಚಿ" ಎಂದೆ.

"ಆದಿಮಾನವ ಗಾಡಿ ಮ್ಯಾಲ ಬರ್ತಿದ್ದನೇನ್ರಿ ಸರ? ನಾಳಿ ಮುಂಜಾನಿ ನಡಕೋತ ಬರ್ರಿ."

ಕಾಲುವೆ ಕೆಳಗಿನ ಗದ್ದೆಗಳಲ್ಲಿ ಕಳೆ ಔಷಧಿಗೆ ಪಲ್ಯವೆಲ್ಲ ಸತ್ತಿತ್ತು. ಉಳಿದದ್ದು ನೀರು ಹತ್ತದ ಮೇಲಿನ ಒಣಹೊಲಗಳಲ್ಲಿ. ಹೋಗಿಬರಲು ಏಳು ಕಿಲೋಮೀಟರ್. ಮೊದಲ ದಿನ ನಾಲ್ಕು ಕಡೆ ಕುಳಿತೆ. ಬಾಗಿದರೆ ಹೊಟ್ಟೆ ಅಡ್ಡ. ಚಾಚಿ ಹೊಸ ಸೊಸೆಯಾಗಿದ್ದಾಗ ಇದೇ ಕಾಲುವೆಯ ಮಣ್ಣು ಹೊತ್ತವಳು. ಅವಳ ಎರಡೆಕರೆಗೆ ಮಾತ್ರ ಹನಿ ನೀರು ಬರಲಿಲ್ಲ. ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ.

"ನೀರು ಏರು ಹತ್ತಂಗಿಲ್ರಿ ಸರ. ನಾವು ಹತ್ತತೀವಿ. ಏಳ್ರಿ."

ಆದಿಮಾನವ ಒಗ್ಗರಣೆ ಹಾಕುತ್ತಿದ್ದನೋ ಇಲ್ಲವೋ, ಅಮೃತಮ್ಮ ಹಾಕುತ್ತಿದ್ದಳು. ಡಾಕ್ಟರು ದೇವಕಮ್ಮನಿಗೆ ಸೊಪ್ಪು ತಿನ್ನಬಾರದೆಂದಿದ್ದರು. ನಾನು ಉಣ್ಣುವಾಗ ಅವಳು ಪಕ್ಕದಲ್ಲಿ ಕುಳಿತು ವಾಸನೆ ಎಳೆದುಕೊಂಡು, "ನನ್ನ ಪಾಲಿಂದೂ ನೀನ ಉಣ್ಣಣ್ಣ" ಎನ್ನುತ್ತಿದ್ದಳು.

ಮೂರನೇ ತಿಂಗಳು ತೂಕ ಇಳಿಯದೆ ನಿಂತುಬಿಟ್ಟಿತು. ಸಾಕಾಗಿ ಒಂದು ಮುಂಜಾನೆ ಮುಸುಕೆಳೆದು ಮಲಗಿದೆ. ಚಾಚಿ ಬಾಗಿಲಿಗೆ ಬಂದು, "ದೇವಕ್ಕ ಯಾದಗಿರಿ ಬಸ್ಸಿಗಿ ಹೋಗ್ಯಾಳ. ನೀವು ಮಲಗೀರಿ" ಎಂದು ಹೊರಟುಹೋದಳು. ಅಂಥ ನಾಚಿಕೆ ನನಗೆಂದೂ ಆಗಿರಲಿಲ್ಲ. ಚಪ್ಪಲಿ ಮೆಟ್ಟಿ ಹಿಂದೆ ಓಡಿದೆ. ಆ ಮಾತಿಗೆ ನಾನು ಸಾಯುವತನಕ ಋಣಿ.

ಸಂಕ್ರಾಂತಿ ಹೊತ್ತಿಗೆ ಹದಿನಾರು ಕಿಲೊ ಇಳಿದಿದ್ದೆ. ಆಪರೇಷನ್ ಆಯಿತು, ದೇವಕಮ್ಮ ಬದುಕಿದಳು. ಹೇಗೆ ಇಳಿಸಿದಿರಿ ಎಂದು ಡಾಕ್ಟರು ಕೇಳಿದಾಗ ಆದಿಮಾನವನ ಹೆಸರು ನೆನಪಾಗಲಿಲ್ಲ, ಚಾಚಿಯ ಹೆಸರು ಹೇಳಿದೆ.

ಮುಂದಿನ ಮಳೆಗಾಲದಲ್ಲಿ, ಚೆನ್ನಾಗಿ ತೊಳೆದು ಬೇಯಿಸಿದರೆ ದೇವಕಮ್ಮ ಸೊಪ್ಪು ತಿನ್ನಬಹುದೆಂದು ಡಾಕ್ಟರು ಒಪ್ಪಿದರು. ಸುದ್ದಿಯನ್ನು ಚಾಚಿಗೆ ಹೇಳಿಬಂದೆ. ಮರುದಿನ ಮುಂಜಾನೆ ನೋಡಿದರೆ ಉಡಿ ತುಂಬ ಕಿರಕಸಾಲಿ ಕಟ್ಟಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು.

"ಚಾಚಿ, ಮನಿಗಿ ಒಯ್ದು ಕೊಡಬಾರದಂತಿದ್ರಿ?"

"ಆಕಿ ಪಾಲಿಂದು ನೀವು ಬಾಗೀರಲ್ರಿ ಸರ, ಐದ್ ತಿಂಗಳ."

ದೇವಕಮ್ಮ ಸೆರಗೊಡ್ಡಿ ಇಸಿದುಕೊಂಡಳು. ತಾನೇ ತೊಳೆದಳು, ತಾನೇ ಬೇಯಿಸಿದಳು, ಬುಟ್ಟಿಯ ರೊಟ್ಟಿ ತೆಗೆದು ಉಂಡಳು. ನನಗೆ ಒಂದು ಎಲೆಯನ್ನೂ ಉಳಿಸಲಿಲ್ಲ.